ಅಪ್ಪನ ಒಡೆಯನ ಕಥೆ ಬರೆದ ಕಲ್ಹಣ

ಮೂರು ವರ್ಷಗಳ ಹಿಂದೆ ನಮ್ಮೂರಿನ ದೇವಸ್ಥಾನದ ಜೀರ್ಣೋದ್ಧಾರ ನಡೆದಾಗ ಸ್ಮರಣ ಸಂಚಿಕೆಗೆ ‘ಕ್ಷೇತ್ರದ ಇತಿಹಾಸ’ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪೌಳಿಯ ಮೂಲೆಯಲ್ಲಿದ್ದ ಸವೆದ ಶಾಸನವೊಂದು, ಹಿರಿಯರು ಹೇಳುವ ನಾಲ್ಕು ಕಥೆಗಳು ಮತ್ತು ಉಗ್ರಾಣದ ಪೆಟ್ಟಿಗೆಯಲ್ಲಿ ಗೆದ್ದಲಿನಿಂದ ಉಳಿದುಕೊಂಡಿದ್ದ ಲೆಕ್ಕದ ಪುಸ್ತಕಗಳು, ಇಷ್ಟೇ ನನ್ನ ಆಕರ. ಆ ಲೆಕ್ಕದ ಪುಸ್ತಕವೊಂದರಲ್ಲಿ, ದೇವರ ನಂದಾದೀಪಕ್ಕೆಂದು ಬಿಟ್ಟಿದ್ದ ಗದ್ದೆಯನ್ನು ನನ್ನ ಮುತ್ತಜ್ಜನಿಗೆ ಗೇಣಿಗೆ ಕೊಟ್ಟ ವಿವರವಿತ್ತು. ಮುಂದಿನ ಪುಟಗಳನ್ನು ಎಷ್ಟು ಮಗುಚಿದರೂ ಗೇಣಿ ಸಂದಾಯವಾದ ಒಂದು ಸಾಲೂ ಸಿಗಲಿಲ್ಲ. ಆ ಗದ್ದೆಯ ಅಕ್ಕಿಯನ್ನು ಉಂಡು ಬೆಳೆದವನು ನಾನು. ಸಂಚಿಕೆ ಅಚ್ಚಾಗಿ ಬಂತು, ಬರಹ ಚೆನ್ನಾಗಿದೆಯೆಂದು ಊರವರು ಹೇಳಿದರು, ಗದ್ದೆಯ ವಿಷಯ ಅದರಲ್ಲಿ ಇರಲಿಲ್ಲ.

ಅದೇ ದಿನಗಳಲ್ಲಿ ನಾನು ಕಾಶ್ಮೀರದ ಅರಸರ ಚರಿತ್ರೆಯನ್ನು ಹೇಳುವ ಸಂಸ್ಕೃತ ಕಾವ್ಯ, ಕಲ್ಹಣನ ‘ರಾಜತರಂಗಿಣಿ’ಯನ್ನು ಓದುತ್ತಿದ್ದೆ. ಮೊದಲ ತರಂಗದ, ಅಂದರೆ ಮೊದಲ ಅಧ್ಯಾಯದ, ಏಳನೆಯ ಶ್ಲೋಕದಲ್ಲಿಯೇ ಎಡವಿ ಬಿದ್ದೆ ಎನ್ನಬೇಕು: ‘ಶ್ಲಾಘ್ಯಃ ಸ ಏವ ಗುಣವಾನ್ ರಾಗದ್ವೇಷಬಹಿಷ್ಕೃತಾ | ಭೂತಾರ್ಥಕಥನೇ ಯಸ್ಯ ಸ್ಥೇಯಸ್ಯೇವ ಸರಸ್ವತೀ’. ನಡೆದದ್ದನ್ನು ಹೇಳುವಾಗ ಯಾರ ಮಾತು ನ್ಯಾಯ ಹೇಳುವವನ ಮಾತಿನಂತೆ ಒಲವು ಹಗೆಗಳನ್ನು ಹೊರಗಿಟ್ಟು ನಡೆಯುತ್ತದೆಯೋ ಆ ಗುಣವಂತನೊಬ್ಬನೇ ಹೊಗಳಿಕೆಗೆ ಅರ್ಹ, ಎಂದು ಇದರ ತಾತ್ಪರ್ಯ. ‘ಸ್ಥೇಯ’ ಎಂದರೆ ಇಬ್ಬರ ವ್ಯಾಜ್ಯದ ನಡುವೆ ಕುಳಿತು ತೀರ್ಪು ಕೊಡುವವನು. ಈ ಶ್ಲೋಕವನ್ನು ಉದ್ಧರಿಸದೆ ಕಲ್ಹಣನ ಬಗ್ಗೆ ಬರೆದವರೇ ಇಲ್ಲವೆನ್ನುವಷ್ಟು ಅದು ಪ್ರಸಿದ್ಧ. ಆದರೆ ಸಾವಿರ ವರ್ಷ ಹಿಂದಿನ ಅರಸನ ವಿಷಯದಲ್ಲಿ ರಾಗದ್ವೇಷ ಬಿಡುವುದು ಅಂಥ ಕಷ್ಟದ ಕೆಲಸವಲ್ಲ. ತನ್ನ ಮನೆಯವರು ಯಾರ ಅನ್ನ ಉಂಡರೋ ಅವರ ವಿಷಯ ಬಂದಾಗ ಈ ಮಾತು ನಿಲ್ಲುತ್ತದೆಯೇ ಎಂಬುದನ್ನು ನೋಡಬೇಕು. ಕಲ್ಹಣನನ್ನು ನಾನು ಓದಿದ್ದು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು.

ಅವನ ಬದುಕಿನ ಬಗ್ಗೆ ತಿಳಿದಿರುವುದು ಅತ್ಯಲ್ಪ. ಸುಮಾರು 7,800 ಶ್ಲೋಕಗಳ ಗ್ರಂಥದಲ್ಲಿ ಆತ ತನ್ನ ಬಗ್ಗೆ ಹೇಳಿಕೊಂಡಿರುವುದು ಇಲ್ಲವೇ ಇಲ್ಲ ಎನ್ನಬಹುದು. ಪ್ರತಿ ತರಂಗದ ಕೊನೆಯ ಸಮಾಪ್ತಿವಾಕ್ಯಗಳಿಂದ ಆತ ಕಾಶ್ಮೀರದ ಮಹಾಮಾತ್ಯ ಚಂಪಕನ ಮಗನೆಂದು ಗೊತ್ತಾಗುತ್ತದೆ. ಚಂಪಕ ರಾಜ ಹರ್ಷನ ಕಾಲದಲ್ಲಿ ದ್ವಾರಪತಿಯಾಗಿದ್ದವನು. ಕಣಿವೆಗೆ ಬರುವ ಬೆಟ್ಟದ ದಾರಿಗಳಿಗೆ ಕಾಶ್ಮೀರದಲ್ಲಿ ‘ದ್ವಾರ’ವೆಂದೇ ಹೆಸರು. ಆ ಗಡಿಬಾಗಿಲುಗಳ ಕಾವಲಿನ ಹೊಣೆ ಹೊತ್ತವನು ದ್ವಾರಪತಿ. ಕಲ್ಹಣ ಗ್ರಂಥವನ್ನು ಶಕ ವರ್ಷ 1070ರಲ್ಲಿ, ಅಂದರೆ ಕ್ರಿ.ಶ. 1148–49ರಲ್ಲಿ ಆರಂಭಿಸಿ ಮರುವರ್ಷ ಮುಗಿಸಿದನು. ಆಗ ಗದ್ದುಗೆಯಲ್ಲಿದ್ದವನು ಜಯಸಿಂಹ. ಅಪ್ಪನಂತೆ ಮಗನಿಗೂ ಅರಮನೆಯಲ್ಲಿ ಉದ್ಯೋಗವಿತ್ತೆನ್ನುವುದಕ್ಕೆ ಗ್ರಂಥದಲ್ಲಿ ಎಲ್ಲಿಯೂ ಸುಳಿವಿಲ್ಲ. ಕಲ್ಹಣನ ಸಮಕಾಲೀನ ಕವಿ ಮಂಖನು ‘ಶ್ರೀಕಂಠಚರಿತ’ದ ಕೊನೆಯ ಸರ್ಗದಲ್ಲಿ ವಿದ್ವಾಂಸರ ಗೋಷ್ಠಿಯೊಂದನ್ನು ವರ್ಣಿಸುತ್ತಾ ‘ಕಲ್ಯಾಣ’ ಎಂಬ ಕವಿಯನ್ನು ಹೆಸರಿಸುತ್ತಾನೆ. ‘ಕಲ್ಹಣ’ ಎನ್ನುವುದು ‘ಕಲ್ಯಾಣ’ದ ಆಡುಮಾತಿನ ರೂಪವಾದ್ದರಿಂದ ಆ ಕವಿ ನಮ್ಮ ಚರಿತ್ರಕಾರನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಕಲ್ಯಾಣವೆಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಬೇರೆಯೇ ಊರು. ಅದಕ್ಕೆ ಮುಂದೆ ಬರುತ್ತೇನೆ, ಏಕೆಂದರೆ ಕಲ್ಹಣನ ಪುಸ್ತಕದಲ್ಲಿಯೂ ಆ ಊರಿನ ಅರಸನಿದ್ದಾನೆ.

ಮೊದಲು ಅವನು ಕೆಲಸ ಮಾಡಿದ ಬಗೆ. ತನಗಿಂತ ಮುಂಚಿನ ವಿದ್ವಾಂಸರ ಹನ್ನೊಂದು ರಾಜಕಥಾ ಗ್ರಂಥಗಳನ್ನೂ ನೀಲಮುನಿಯ ಪುರಾಣವನ್ನೂ ನೋಡಿದ್ದೇನೆ ಎನ್ನುತ್ತಾನೆ. ಅಷ್ಟಕ್ಕೇ ನಿಲ್ಲದೆ, ಹಿಂದಿನ ಅರಸರು ದೇವರ ಪ್ರತಿಷ್ಠೆ ಮಾಡಿಸಿದಾಗ ಬರೆಸಿದ ಶಾಸನಗಳು, ದಾನಶಾಸನಗಳು, ಪ್ರಶಸ್ತಿಗಳು ಇವುಗಳನ್ನು ಪರೀಕ್ಷಿಸಿ ತನ್ನ ಗೊಂದಲಗಳನ್ನು ಕಳೆದುಕೊಂಡೆನೆಂದು ಸ್ಪಷ್ಟವಾಗಿ ಬರೆಯುತ್ತಾನೆ. ಹೆಜ್ಜೆಗೊಂದು ಶಾಸನ ಕಾಣುವ ನಾಡಿನವರಾದ ನಮಗೆ ಇದು ಸಹಜವೆನಿಸಬಹುದು. ಆದರೆ 12ನೆಯ ಶತಮಾನದ ಕವಿಯೊಬ್ಬ ದೇವಾಲಯದ ಗೋಡೆಯ ಮುಂದೆ ನಿಂತು, ಪುಸ್ತಕದಲ್ಲಿ ಓದಿದ್ದನ್ನು ಕಲ್ಲಿನ ಅಕ್ಷರದೊಂದಿಗೆ ಹೋಲಿಸಿ ನೋಡಿದನೆಂಬುದು ಸಣ್ಣ ಸಂಗತಿಯಲ್ಲ. ಹಿಂದಿನವರ ಮೇಲೆ ಅವನಿಗೆ ಭಕ್ತಿಯೂ ಕಡಿಮೆ. ಸುವ್ರತನ ಗ್ರಂಥ ಪಾಂಡಿತ್ಯದ ಕಾಟದಿಂದ ಓದಲಾಗದಂತಿದೆ ಎನ್ನುತ್ತಾನೆ. ಕ್ಷೇಮೇಂದ್ರನಂಥ ದೊಡ್ಡ ಕವಿಯ ‘ನೃಪಾವಲಿ’ಯೂ, ಅಜಾಗರೂಕತೆಯಿಂದಾಗಿ, ದೋಷವಿಲ್ಲದ ಒಂದು ಭಾಗವನ್ನೂ ಹೊಂದಿಲ್ಲವೆಂದು ಹೇಳಿಬಿಡುತ್ತಾನೆ. ಭಾರತಯುದ್ಧ ದ್ವಾಪರದ ಕೊನೆಯಲ್ಲಿ ನಡೆಯಿತೆಂಬ ನಂಬಿಕೆಯಿಂದ ಹಿಂದಿನವರು ಮೋಸಹೋದರೆಂದೂ, ಕಲಿಯುಗದ 653 ವರ್ಷಗಳು ಕಳೆದ ಮೇಲೆ ಕೌರವ ಪಾಂಡವರು ಇದ್ದರೆಂದೂ ಲೆಕ್ಕ ಹಾಕಿ ವಾದಿಸುತ್ತಾನೆ.

ಹಾಗೆಂದು ಮೊದಲ ಮೂರು ತರಂಗಗಳನ್ನು ಇತಿಹಾಸವೆಂದು ನಂಬಿ ಓದಿದರೆ ದಾರಿ ತಪ್ಪುತ್ತೇವೆ. ರಣಾದಿತ್ಯನೆಂಬ ಒಬ್ಬ ಅರಸನಿಗೆ ಅಲ್ಲಿ 300 ವರ್ಷಗಳ ಆಳ್ವಿಕೆ ಸಂದಿದೆ. ಅಶೋಕನ ಕಾಲ ಸುಮಾರು ಸಾವಿರ ವರ್ಷಗಳಷ್ಟು ಹಿಂದಕ್ಕೆ ಸರಿದಿದೆ. ದಾಖಲೆ ಸಿಗದ ಕಡೆ ಪರಂಪರೆಯ ಕಥೆಯನ್ನು ಸೇರಿಸಿ ಲೆಕ್ಕ ಸರಿದೂಗಿಸಿದಂತೆ ಕಾಣುತ್ತದೆ. ನಾಲ್ಕನೆಯ ತರಂಗದಲ್ಲಿ ಕಾರ್ಕೋಟ ವಂಶ ಬಂದಮೇಲೆ ನೆಲ ಗಟ್ಟಿಯಾಗುತ್ತಾ ಹೋಗುತ್ತದೆ. ಚಂದ್ರಾಪೀಡ, ಮುಕ್ತಾಪೀಡ ಎಂಬ ಅರಸರ ಹೆಸರುಗಳು ಚೀನಾದ ತಾಂಗ್ ವಂಶದ ಚರಿತ್ರೆಗಳಲ್ಲಿಯೂ ಸಿಗುತ್ತವೆ.

ಆ ಚಂದ್ರಾಪೀಡನ ಕಾಲದ ಪ್ರಸಂಗವೊಂದನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ರಾಜ ತ್ರಿಭುವನಸ್ವಾಮಿಯ ದೇವಾಲಯ ಕಟ್ಟಿಸಲು ಹೊರಟಾಗ, ಗುರುತಿಸಿದ ಜಾಗದಲ್ಲಿ ಚಮ್ಮಾರನೊಬ್ಬನ ಗುಡಿಸಲಿರುತ್ತದೆ. ಎಷ್ಟು ಹಣ ಕೊಟ್ಟರೂ ಅವನು ಬಿಟ್ಟುಕೊಡುವುದಿಲ್ಲ. ಅಧಿಕಾರಿಗಳು ದೂರು ತಂದಾಗ ರಾಜ ಬಯ್ಯುವುದು ಚಮ್ಮಾರನನ್ನಲ್ಲ, ಅವನ ಒಪ್ಪಿಗೆ ಪಡೆಯದೆ ಕೆಲಸ ಆರಂಭಿಸಿದ ಅಧಿಕಾರಿಗಳನ್ನು. ಕಟ್ಟಡ ನಿಲ್ಲಿಸಿ, ಇಲ್ಲವೇ ಬೇರೆಡೆ ಕಟ್ಟಿ, ಇನ್ನೊಬ್ಬನ ನೆಲ ಕಿತ್ತುಕೊಂಡು ಪುಣ್ಯವನ್ನು ಕೆಡಿಸಿಕೊಳ್ಳುವವರಾರು ಎಂದು ಕೇಳುತ್ತಾನೆ. ಬಳಿಕ ಚಮ್ಮಾರನೇ ದೊರೆಯನ್ನು ಕಾಣಲು ಬರುತ್ತಾನೆ. ಒಡೆದ ಮಡಕೆಯ ಬಾಯಿಯನ್ನೇ ಕಿಟಕಿಯಾಗಿ ಕೂಡಿಸಿದ ಆ ಗುಡಿಸಲು ಹುಟ್ಟಿದಂದಿನಿಂದ ತನ್ನ ಸುಖದುಃಖಗಳನ್ನು ತಾಯಿಯಂತೆ ನೋಡಿದೆ, ಅದು ನೆಲಸಮವಾಗುವುದನ್ನು ಕಣ್ಣಾರೆ ನೋಡಲಾರೆ ಎನ್ನುತ್ತಾನೆ. ಆದರೂ ದೊರೆ ತನ್ನ ಮನೆಗೆ ಬಂದು, ಸಜ್ಜನರ ರೀತಿಯಲ್ಲಿ ಕೇಳಿದರೆ ಕೊಡುತ್ತೇನೆಂದೂ ಸೇರಿಸುತ್ತಾನೆ. ರಾಜ ಹೋಗಿ ಕೇಳುತ್ತಾನೆ, ಬೆಲೆ ಕೊಟ್ಟು ಕೊಳ್ಳುತ್ತಾನೆ. ಇಷ್ಟೇ ಕಥೆ. ಅರಮನೆ, ಯುದ್ಧ, ದಾನಗಳ ನಡುವೆ ಆ ಮಡಕೆಬಾಯಿಯ ಕಿಟಕಿಯನ್ನು ಮರೆಯದೆ ದಾಖಲಿಸಿದ ಕಣ್ಣು ಕಲ್ಹಣನದು. ಭೂಸ್ವಾಧೀನದ ಕಡತಗಳ ನಡುವೆ ಬದುಕುವ ಈ ಕಾಲದಲ್ಲಿ ಅದನ್ನು ಓದುವಾಗ ಮನಸ್ಸಿಗೆ ಏನೇನೋ ಬರುತ್ತದೆ.

ಅವಂತಿವರ್ಮನ ಕಾಲದ ಸುಯ್ಯನ ಕಥೆಯೂ ಅಷ್ಟೇ ಹತ್ತಿರದಿಂದ ಕಂಡಂತಿದೆ. ಬೀದಿ ಗುಡಿಸುವ ಹೆಣ್ಣಿಗೆ ಮಣ್ಣಿನ ಪಾತ್ರೆಯಲ್ಲಿ ಸಿಕ್ಕ ಮಗು ಬೆಳೆದು, ನೆರೆಯಿಂದ ಹಾಳಾಗುತ್ತಿದ್ದ ಕಣಿವೆಯನ್ನು ಉಳಿಸುವ ಉಪಾಯ ತನಗೆ ಗೊತ್ತಿದೆ, ಹಣವಿಲ್ಲದೆ ಏನು ಮಾಡಲಿ ಎಂದು ಹೇಳಿಕೊಂಡು ತಿರುಗುತ್ತಿದ್ದನಂತೆ. ರಾಜ ಕರೆಸಿ ಹಣ ಕೊಟ್ಟರೆ ಅದನ್ನು ತೆಗೆದುಕೊಂಡು ಹೋಗಿ ಬೆಟ್ಟದ ಬಂಡೆಗಳು ಉರುಳಿಬಿದ್ದು ವಿತಸ್ತಾ ನದಿ, ಅಂದರೆ ಇಂದಿನ ಝೇಲಂ, ಕಟ್ಟಿಕೊಂಡಿದ್ದ ಕಡೆ ನೀರಿಗೆ ಎಸೆದುಬಿಟ್ಟನು. ಸಭೆಯವರು ಹುಚ್ಚನೆಂದರು. ಹಸಿದ ಹಳ್ಳಿಯವರು ಮಾತ್ರ ನಾಣ್ಯಕ್ಕಾಗಿ ಹೊಳೆಗೆ ಇಳಿದು ಬಂಡೆಗಳನ್ನೆಲ್ಲ ಎತ್ತಿಹಾಕಿದರು. ಬಳಿಕ ನದಿಗೆ ಏಳು ದಿನಗಳ ಕಾಲ ಅಡ್ಡಗಟ್ಟೆ ಹಾಕಿ, ತಳವನ್ನು ಶುಚಿಮಾಡಿಸಿ, ಕಲ್ಲಿನ ದಂಡೆ ಕಟ್ಟಿಸಿದನು. ಊರೂರಿನ ಮಣ್ಣು ತರಿಸಿ, ನೀರು ಹಾಕಿ, ಎಷ್ಟು ದಿನಕ್ಕೆ ಒಣಗುತ್ತದೆಂದು ನೋಡಿ, ಯಾವ ಊರಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಡಬೇಕೆಂಬುದನ್ನು ಗೊತ್ತುಮಾಡಿದನು. ಒಂದು ಖಾರಿ ಅಕ್ಕಿಯ ಬೆಲೆ 200 ದಿನ್ನಾರಗಳಿಂದ 36ಕ್ಕೆ ಇಳಿಯಿತೆಂದು ಕಲ್ಹಣ ಅಂಕಿ ಸಮೇತ ಬರೆಯುತ್ತಾನೆ. ಸುಯ್ಯನ ಹೆಸರಿನ ಸುಯ್ಯಪುರವೇ ಇಂದಿನ ಸೋಪೋರ್.

ಇನ್ನು ಒಲವು ಹಗೆಗಳ ಪರೀಕ್ಷೆ. ಕಾಶ್ಮೀರದ ಅರಸರ ಪೈಕಿ ಅತಿ ದೊಡ್ಡ ವೀರನೆಂದು ಹೆಸರಾದವನು ಲಲಿತಾದಿತ್ಯ ಮುಕ್ತಾಪೀಡ, ಮಾರ್ತಾಂಡ ದೇವಾಲಯವನ್ನು ಕಟ್ಟಿಸಿದವನು. ಅವನ ದಿಗ್ವಿಜಯವನ್ನು ಕಲ್ಹಣ ಉತ್ಸಾಹದಿಂದ ಹಾಡುತ್ತಾನೆ, ಕರ್ನಾಟದ ರಾಣಿಯೊಬ್ಬಳು ಅವನಿಗೆ ಮಣಿದಳೆಂಬ, ಚರಿತ್ರೆಯ ಕಣ್ಣಿಗೆ ನಿಲ್ಲದ ಮಾತನ್ನೂ ಸೇರಿಸಿಯೇ. ಆದರೆ ಅದೇ ಲಲಿತಾದಿತ್ಯ ಪರಿಹಾಸಕೇಶವ ದೇವರನ್ನು ಹೊಣೆಯಾಗಿಟ್ಟು ಅಭಯ ಕೊಟ್ಟು ಕರೆಸಿಕೊಂಡ ಗೌಡ ದೇಶದ, ಅಂದರೆ ಬಂಗಾಳದ ಅರಸನನ್ನು ಕೊಲ್ಲಿಸಿದ ಸಂಗತಿಯನ್ನು ಅವನು ಮುಚ್ಚಿಡುವುದಿಲ್ಲ. ಸತ್ತ ಅರಸನ ಸೇವಕರು ಶಾರದೆಯ ದರ್ಶನದ ನೆಪದಲ್ಲಿ ಅಷ್ಟು ದೂರದಿಂದ ನಡೆದು ಬಂದು, ಹೊಣೆಯಾಗಿದ್ದ ದೇವರ ಮೇಲೆಯೇ ಸೇಡು ತೀರಿಸಿಕೊಳ್ಳಲು ಪರಿಹಾಸಪುರದ ದೇವಾಲಯಕ್ಕೆ ನುಗ್ಗಿದರು. ತಪ್ಪಿ ರಾಮಸ್ವಾಮಿಯ ವಿಗ್ರಹವನ್ನು ಒಡೆದರು. ಸೈನಿಕರ ಕತ್ತಿಗೆ ಒಬ್ಬೊಬ್ಬರಾಗಿ ಬಿದ್ದರು. ರಾಮಸ್ವಾಮಿಯ ಗುಡಿ ಇಂದಿಗೂ ಬರಿದಾಗಿದೆ, ಆ ಗೌಡ ವೀರರ ಕೀರ್ತಿಯಿಂದ ಜಗತ್ತು ತುಂಬಿದೆ ಎಂದು ಕಲ್ಹಣ ಬರೆಯುತ್ತಾನೆ. ಪರಿಹಾಸಪುರ ಅವನ ಮನೆತನದ ಊರೆಂದು ನಂಬಲು ಕಾರಣಗಳಿವೆ. ತನ್ನೂರಿನ ದೇವರ ಮೂರ್ತಿ ಒಡೆದ ಪರದೇಶಿಗಳನ್ನು ಹೀಗೆ ಹೊಗಳಲು ಗಟ್ಟಿ ಎದೆ ಬೇಕು.

ಅವರು ನೆಪವಾಗಿ ಹೇಳಿದ ಶಾರದೆ, ‘ನಮಸ್ತೇ ಶಾರದಾದೇವಿ ಕಾಶ್ಮೀರಪುರವಾಸಿನಿ’ ಎಂದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಶ್ಲೋಕದ ಶಾರದೆಯೇ.

ಈಗ ಹರ್ಷನ ಮಾತು. ಇವನು ಕನೌಜಿನ ಹರ್ಷವರ್ಧನನಲ್ಲ. 1089ರಿಂದ 1101ರವರೆಗೆ ಕಾಶ್ಮೀರವನ್ನು ಆಳಿದ ಲೋಹರ ವಂಶದವನು, ಕಲ್ಹಣನ ಅಪ್ಪನ ಒಡೆಯ. ಹಲವು ಭಾಷೆಗಳನ್ನು ಬಲ್ಲ ಕವಿ, ಸಂಗೀತಗಾರ. ಚಂಪಕನ ತಮ್ಮ ಕನಕನಿಗೆ ದೊರೆಯೇ ಹಾಡುಗಾರಿಕೆ ಕಲಿಸಿದ್ದನು, ಕಲಿಕೆಯ ಶ್ರಮಕ್ಕೆಂದು ಲಕ್ಷ ಹೊನ್ನು ಕೊಟ್ಟಿದ್ದನು. ಒಂದು ಮನೆತನಕ್ಕೆ ಇದಕ್ಕಿಂತ ಹೆಚ್ಚಿನ ಋಣ ಯಾವುದಿದ್ದೀತು? ಅಂಥ ದೊರೆ ಖಜಾನೆ ಬರಿದಾದಾಗ ಮೊದಲು ಪಾಳುಬಿದ್ದ ಭೀಮಕೇಶವ ದೇವಾಲಯದ ನಿಧಿಗೆ ಕೈಹಾಕಿದನು. ಅದರ ರುಚಿ ಹತ್ತಿದ ಮೇಲೆ ರಾಜ್ಯದ ದೇವಾಲಯಗಳನ್ನೆಲ್ಲ ದೋಚಿ, ಲೋಹದ ವಿಗ್ರಹಗಳನ್ನು ಕರಗಿಸಲೆಂದು ಕೀಳಿಸಿದನು. ಅದಕ್ಕೊಂದು ಹುದ್ದೆಯನ್ನೇ ನಿರ್ಮಿಸಿ ‘ದೇವೋತ್ಪಾಟನನಾಯಕ’ನೆಂದು ಉದಯರಾಜನನ್ನು ನೇಮಿಸಿದನು. ದೇವರನ್ನು ಕೀಳುವ ಇಲಾಖೆಗೆ ಒಬ್ಬ ಮುಖ್ಯಾಧಿಕಾರಿ! ಈ ಪದವನ್ನು ಕಲ್ಹಣ ವ್ಯಂಗ್ಯದ ಒಂದು ಗೆರೆಯನ್ನೂ ಸೇರಿಸದೆ ದಾಖಲಿಸುತ್ತಾನೆ, ಸೇರಿಸುವ ಅಗತ್ಯವೂ ಇಲ್ಲ. ಉಳಿದುಕೊಂಡ ಕೆಲವೇ ಮೂರ್ತಿಗಳಲ್ಲಿ ಪರಿಹಾಸಪುರದ ಬೃಹತ್ ಬುದ್ಧವಿಗ್ರಹವೂ ಒಂದು. ಅದು ಉಳಿದದ್ದು ಗಾಯಕ ಕನಕ ದೊರೆಯನ್ನು ಬೇಡಿಕೊಂಡದ್ದರಿಂದ. ಅಪ್ಪ ಗಡಿ ಕಾಯುತ್ತಿದ್ದ, ಚಿಕ್ಕಪ್ಪ ಸಂಗೀತದ ಸಲಿಗೆಯಿಂದ ಬುದ್ಧನನ್ನು ಉಳಿಸಿದ, ಅದೇ ಮನೆಯ ಹುಡುಗ ಬೆಳೆದು ದೊರೆಯ ಅಪರಾಧಗಳ ಪಟ್ಟಿ ಬರೆದ.

ಇದರಲ್ಲಿ ಇನ್ನೊಂದು ಮುಖವಿದೆ. ಹರ್ಷನನ್ನು ಕೆಡವಿ ಗದ್ದುಗೆಗೆ ಬಂದವರು ಉಚ್ಚಲ, ಸುಸ್ಸಲರೆಂಬ ಸಹೋದರರು. ಕಲ್ಹಣ ಬರೆಯುವಾಗ ಆಳುತ್ತಿದ್ದ ಜಯಸಿಂಹ ಆ ಸುಸ್ಸಲನ ಮಗ. ಹೀಗಾಗಿ ಹರ್ಷನನ್ನು ಬಯ್ದರೆ ಅರಮನೆಗೆ ಸಂತೋಷ, ಹೊಗಳಿದರೆ ಅಪ್ಪನ ಋಣಸಂದಾಯ. ಅವನು ಎರಡನ್ನೂ ಮಾಡಲಿಲ್ಲ. ಹರ್ಷನ ಕಥೆಯನ್ನು ಹೇಗೆ ಹೇಳಲಿ ಎಂದು ಏಳನೆಯ ತರಂಗದ ನಡುವೆ ಸ್ವಲ್ಪ ಹೊತ್ತು ನಿಂತು ಯೋಚಿಸುತ್ತಾನೆ: ಅದರಲ್ಲಿ ಎಲ್ಲ ಉತ್ಸಾಹಗಳ ಉದಯವೂ ಇದೆ, ಎಲ್ಲ ಸೋಲುಗಳ ಸುದ್ದಿಯೂ ಇದೆ, ಔದಾರ್ಯವೂ ಅಷ್ಟೇ, ಸುಲಿಗೆಯೂ ಅಷ್ಟೇ, ಮೆಚ್ಚಬೇಕೋ ಹೇಸಬೇಕೋ ತಿಳಿಯದು ಎಂಬ ಅರ್ಥದ ಮಾತುಗಳು ಸಾಲಾಗಿ ಬರುತ್ತವೆ. ಆ ದೊರೆ ಕಟ್ಟಿದ ಹಾಡುಗಳನ್ನು ಇಂದು ಕೇಳಿದರೂ ಹಗೆಗಳ ಕಣ್ಣಂಚಿನಲ್ಲಿ ನೀರು ತುಂಬುತ್ತದೆ ಎನ್ನುತ್ತಾನೆ. ಹಗೆಗಳೆಂದರೆ ಯಾರು? ಆ ಕಾಲಕ್ಕೆ ಗದ್ದುಗೆಯ ಸುತ್ತ ಇದ್ದವರೇ. ಅತ್ತ ಸುಸ್ಸಲನ ಕ್ರೌರ್ಯವನ್ನೂ ದುರಾಸೆಯನ್ನೂ, ಜನ ಸಾಯುತ್ತಿದ್ದಾಗ ಲೋಹರದ ಕೋಟೆಗೆ ಚಿನ್ನ ಸಾಗಿಸಿದ್ದನ್ನೂ ಅವನ ಮಗ ಆಳುತ್ತಿದ್ದಾಗಲೇ ಬರೆದಿಟ್ಟನು.

ಹರ್ಷನ ಕೊನೆಯ ದಿನದ ವರ್ಣನೆ ಸಂಸ್ಕೃತದಲ್ಲಿ ನಾನು ಓದಿದ ಅತ್ಯಂತ ಕರುಣಾಜನಕ ಪುಟಗಳಲ್ಲಿ ಒಂದು. ಊರು ಕೈಬಿಟ್ಟಿದೆ, ಮಗ ಭೋಜ ಎಲ್ಲಿದ್ದಾನೋ ತಿಳಿಯದು. ಜೊತೆಯಲ್ಲಿ ಉಳಿದವರು ಪ್ರಯಾಗನೆಂಬ ಸೇವಕ ಮತ್ತು ಮುಕ್ತನೆಂಬ ಅಡುಗೆಯವ. ಮಳೆಯಲ್ಲಿ ನೆನೆಯುತ್ತಾ ಒಬ್ಬ ಭಿಕ್ಷುಕ ತಪಸ್ವಿಯ ಗುಡಿಸಲಲ್ಲಿ ಅಡಗಿದ್ದ ದೊರೆ ಸುಳಿವು ಸಿಕ್ಕಿದ ಶತ್ರುಗಳ ಕೈಯಲ್ಲಿ ಸಾಯುತ್ತಾನೆ. ತಲೆ ಒಂದು ಕಡೆ ಹೋಗುತ್ತದೆ. ಅನಾಥನಂತೆ ಬಿದ್ದಿದ್ದ ದೇಹಕ್ಕೆ ಕಟ್ಟಿಗೆ ಮಾರುವವನೊಬ್ಬ ಬೆಂಕಿ ಕೊಡುತ್ತಾನೆ. ಗುಡಿಸಲಿನೊಳಗಿನ ಮಾತುಗಳು ಕಲ್ಹಣನಿಗೆ ಹೇಗೆ ತಿಳಿದವು? ಪ್ರಯಾಗ ಸತ್ತನು, ಮುಕ್ತ ಬದುಕಿಕೊಂಡನು. ಅಡುಗೆಯವನ ಬಾಯಿಂದ ಬಂದ ಮಾತು ಮಹಾಕಾವ್ಯದೊಳಕ್ಕೆ ಸೇರಿತೆಂದು ಊಹಿಸಲು ಹೆಚ್ಚಿನ ಸಾಹಸ ಬೇಕಿಲ್ಲ.

ಹರ್ಷನ ವೃತ್ತಾಂತದಲ್ಲಿಯೇ ನಮ್ಮ ಕಲ್ಯಾಣ ಬರುತ್ತದೆ. ವಿಲಾಸಿಯಾದ ಅವನಿಗೆ ದಕ್ಷಿಣದ ಉಡುಗೆ ತೊಡುಗೆಯ ರೀತಿ ಪ್ರಿಯವಾಗಿತ್ತೆಂದೂ, ಆದ್ದರಿಂದ ಕರ್ಣಾಟದ ಮಾದರಿಯ ಟಂಕವನ್ನು ಚಲಾವಣೆಗೆ ತಂದನೆಂದೂ ಕಲ್ಹಣ ಹೇಳುತ್ತಾನೆ. ಆನೆಯ ಚಿತ್ರವಿರುವ ಹರ್ಷನ ನಾಣ್ಯಗಳು ಸಿಕ್ಕಿ ಈ ಮಾತು ನಿಜವಾಯಿತು. ಇನ್ನೊಂದೆಡೆ, ಕರ್ಣಾಟದ ಒಡೆಯ ಪರ್ಮಾಂಡಿಯ ಹೆಂಡತಿ ಚಂದಲಾ ಎಂಬ ಸುಂದರಿಯ ಚಿತ್ರಪಟವನ್ನು ನೋಡಿ ಹರ್ಷ ಮರುಳಾದ ಕಥೆ. ಪರ್ಮಾಂಡಿಯನ್ನು ಸೋಲಿಸಿ ಅವಳನ್ನು ತರುತ್ತೇನೆಂದು ತುಂಬಿದ ಸಭೆಯಲ್ಲಿ ಪ್ರತಿಜ್ಞೆ ಮಾಡಿದನಂತೆ. ಹೊಗಳುಭಟರು ಹೂಂಗುಟ್ಟಿದರು, ಚಿತ್ರದ ಕಾವಲಿಗೆ ನಿಂತ ಸೇನಾಪತಿ ಚಿತ್ರದ ಸುಂದರಿಯ ಬಟ್ಟೆಬರೆಗೆಂದು ದೊರೆಯಿಂದ ಹಣ ವಸೂಲು ಮಾಡುತ್ತಿದ್ದನು. ಈ ಪರ್ಮಾಂಡಿ ಬೇರೆ ಯಾರೂ ಅಲ್ಲ, ನಮ್ಮ ಶಾಸನಗಳ ಪೆರ್ಮಾಡಿದೇವ, ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ. ಅಚ್ಚ ಕನ್ನಡದ ಬಿರುದೊಂದು ಹಿಮಾಲಯ ದಾಟುವ ಹೊತ್ತಿಗೆ ಮೂಗಿನಲ್ಲಿ ಸ್ವಲ್ಪ ಅನುಸ್ವಾರ ಸೇರಿಸಿಕೊಂಡಿದೆ. ಚಂದಲದೇವಿಯೂ ನಮ್ಮ ಶಾಸನಗಳಿಗೆ ಪರಿಚಿತಳೇ.

ಆ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾಗಿದ್ದವನು ಕಾಶ್ಮೀರದಿಂದಲೇ ಬಂದ ಬಿಲ್ಹಣ. ಕರ್ಣಾಟದ ಬೆಟ್ಟಗಾಡಿನಲ್ಲಿ ಆನೆಗಳ ದಂಡು ಹೊರಟಾಗ ದೊರೆಯ ಕಣ್ಣೆದುರಿಗೇ ಅವನಿಗೆ ಕೊಡೆ ಹಿಡಿಯುತ್ತಿದ್ದರು. ಕವಿಗಳ ಬಂಧುವಾದ ಹರ್ಷನ ಸುದ್ದಿ ಕೇಳಿದಾಗ ಅಷ್ಟು ವೈಭವವೂ ಬಿಲ್ಹಣನಿಗೆ ಬರಿಯ ವಂಚನೆಯೆಂದು ತೋರಿತಂತೆ, ಹಾಗೆಂದು ಕಲ್ಹಣನ ವರದಿ. ಬಿಲ್ಹಣ ‘ವಿಕ್ರಮಾಂಕದೇವಚರಿತ’ ಬರೆದನು. ಅಣ್ಣ ಸೋಮೇಶ್ವರನನ್ನು ಕೆಳಗಿಳಿಸಿ ಪಟ್ಟಕ್ಕೆ ಬಂದ ವಿಕ್ರಮಾದಿತ್ಯನಿಗೆ ಅದರಲ್ಲಿ ಶಿವನೇ ಆಜ್ಞೆ ಕೊಡುತ್ತಾನೆ, ಚಂದಲೆ ಚಂದ್ರಲೇಖೆಯಾಗಿ ಕರಹಾಟದ ಸ್ವಯಂವರದಲ್ಲಿ ಮಾಲೆ ಹಾಕುತ್ತಾಳೆ. ಸುಂದರವಾದ ಕಾವ್ಯ, ಕನ್ನಡ ನಾಡಿನ ಚರಿತ್ರೆಗೆ ಬೇಕಾದದ್ದೂ ಹೌದು. ಆದರೆ ಅಣ್ಣನ ಕಡೆಯ ಮಾತನ್ನು ಅದರಲ್ಲಿ ಹುಡುಕಬಾರದು. ಒಂದೇ ಕಣಿವೆಯ, ಒಂದೆರಡು ತಲೆಮಾರು ಅಂತರದ ಇಬ್ಬರು ಕವಿಗಳಲ್ಲಿ ಒಬ್ಬನು ಕೊಡೆಯ ನೆರಳಲ್ಲಿ ಬರೆದನು, ಇನ್ನೊಬ್ಬನು ಮನೆಯಲ್ಲಿ ಕುಳಿತು ಬರೆದನು. ನನ್ನ ಸ್ಮರಣ ಸಂಚಿಕೆಯ ಬರಹ ಯಾವ ಪಂಗಡದ್ದೆಂದು ಬಿಡಿಸಿ ಹೇಳಬೇಕಿಲ್ಲ. ಕೊಡೆಯೂ ಸಿಗಲಿಲ್ಲ, ಶಾಲು ಸಿಕ್ಕಿತು.

ಕೊನೆಯ ತರಂಗದಲ್ಲಿ ಸುಮಾರು 3,450 ಶ್ಲೋಕಗಳಿವೆ. ಇಡೀ ಗ್ರಂಥದ ಅರ್ಧಕ್ಕೆ ಸ್ವಲ್ಪ ಕಡಿಮೆ ಭಾಗ ತನ್ನ ಕಣ್ಣೆದುರಿನ ಅರ್ಧ ಶತಮಾನಕ್ಕೇ ಮೀಸಲು. ಓದಲು ಕಷ್ಟ, ಹೆಸರುಗಳ ಕಾಡು. ಡಾಮರರೆಂಬ ಭೂಮಾಲಿಕರ ದಂಗೆಗಳು, ಓಡಿಹೋಗುವ ಸೈನ್ಯಗಳು, ಮಾತೆತ್ತಿದರೆ ಪ್ರಾಯೋಪವೇಶಕ್ಕೆ, ಅಂದರೆ ಸಾಯುವವರೆಗಿನ ಉಪವಾಸಕ್ಕೆ, ಕೂರುವ ಪುರೋಹಿತರ ಪರಿಷತ್ತುಗಳು. ಅಧಿಕಾರಿಗಳಾದ ಕಾಯಸ್ಥರ ಮೇಲೆ ಅವನಿಗೆ ತಡೆಯಲಾರದ ಸಿಟ್ಟು: ಏಡಿ ತಂದೆಯನ್ನು ಕೊಲ್ಲುತ್ತದೆ, ಗೆದ್ದಲು ತಾಯಿಯನ್ನು ಕೊಲ್ಲುತ್ತದೆ, ಅಧಿಕಾರ ಸಿಕ್ಕ ಕೃತಘ್ನ ಕಾಯಸ್ಥ ಎಲ್ಲರನ್ನೂ ಕೊಲ್ಲುತ್ತಾನೆ ಎನ್ನುತ್ತಾನೆ. ಇಲ್ಲಿ ನ್ಯಾಯಾಧೀಶನ ಪೀಠ ಸ್ವಲ್ಪ ಅಲುಗಾಡಿದ್ದು ನಿಜ. 1121ರಲ್ಲಿ ಆಶ್ರಯಕ್ಕೆಂದು ಚಕ್ರಧರ ದೇವಾಲಯದೊಳಗೆ ಸೇರಿದ ಜನರನ್ನು ದಂಗೆಕೋರರು ಬೆಂಕಿ ಹಚ್ಚಿ ಸುಟ್ಟರು. 1123ರಲ್ಲಿ ಶ್ರೀನಗರ ಹೊತ್ತಿ ಉರಿಯಿತು, ಹಿಂದೆಯೇ ಕ್ಷಾಮ ಬಂತು, ವಿತಸ್ತೆಯಲ್ಲಿ ಹೆಣಗಳು ತೇಲಿದವು. ಗ್ರಂಥದಲ್ಲಿ ಶಾಂತರಸವೇ ಮೇಲುಗೈ ಎಂದು ಅವನು ಆರಂಭದಲ್ಲಿ ಹೇಳಿದ್ದನ್ನು ಅಲಂಕಾರಶಾಸ್ತ್ರದ ಮಾತೆಂದು ಓದಿಕೊಂಡು ಹೋಗಿದ್ದ ನನಗೆ, ಈ ಪುಟಗಳಿಗೆ ಬಂದಾಗ ಅದು ಸುಸ್ತಾದ ಮನುಷ್ಯನ ಮಾತಿನಂತೆ ಕೇಳಿಸಿತು.

ಅವನ ಕುರುಡುಗಳೂ ಕಡಿಮೆಯಿಲ್ಲ. ಮಾಟಮಂತ್ರವನ್ನು ನಂಬುತ್ತಾನೆ, ಎಂಥ ಸಾವಿಗೂ ಹಿಂದಿನ ಪಾಪವೊಂದನ್ನು ಹುಡುಕಿ ತರುತ್ತಾನೆ. ಚಮ್ಮಾರನಿಗೆ ಅಷ್ಟು ಘನತೆ ಕೊಟ್ಟ ಅದೇ ಲೇಖನಿ, ಹತ್ತನೆಯ ಶತಮಾನದಲ್ಲಿ ಚಕ್ರವರ್ಮನು ಡೋಂಬ ಹಾಡುಗಾರನ ಹೆಣ್ಣುಮಕ್ಕಳಾದ ಹಂಸಿ, ನಾಗಲತೆಯರನ್ನು ರಾಣಿವಾಸಕ್ಕೆ ತಂದಾಗ ಹೇಸಿಗೆಯಿಂದ ಕುದಿಯುತ್ತದೆ. ಅವರ ತಂದೆ ರಂಗನಿಗೆ ದೊರೆ ಹೇಲು ಎಂಬ ಊರನ್ನು ಉಂಬಳಿ ಕೊಟ್ಟರೆ ಕರಣಿಕ ದಾನಪತ್ರ ಬರೆಯಲು ಒಪ್ಪಲಿಲ್ಲ. ರಂಗ ಸಿಟ್ಟಿನಿಂದ, ಎಲವೋ ದಾಸೀಪುತ್ರ, ‘ರಂಗಸ್ಸ ಹೇಲು ದಿಣ್ಣಾ’ ಎಂದು ಯಾಕೆ ಬರೆಯುವುದಿಲ್ಲ ಎಂದು ಗದರಿಸಿದನು. ರಂಗನಿಗೆ ಹೇಲು ಕೊಟ್ಟಿದೆ, ಇಷ್ಟೇ ಅದರ ಅರ್ಥ. ನಗೆಪಾಟಲು ಮಾಡಲೆಂದೇ ಕಲ್ಹಣ ಈ ಆಡುಮಾತನ್ನು ಹಾಗೆಯೇ ಉಳಿಸಿರಬೇಕು. ಕಾಶ್ಮೀರಿ ಭಾಷೆಯ ಚರಿತ್ರೆ ಬರೆಯುವವರಿಗೆ ಆ ಮೂರು ಪದಗಳೇ ಅತ್ಯಂತ ಹಳೆಯ ವಾಕ್ಯಗಳಲ್ಲಿ ಒಂದಾಗಿ ಒದಗಿವೆ. ಯಾರನ್ನು ಅಲ್ಲಗಳೆಯಲು ಬರೆದನೋ ಅವನ ನಾಲಗೆ ಉಳಿಯಿತು.

ರಾಣಿ ದಿದ್ದೆಯ ವಿಷಯದಲ್ಲಿಯೂ ಅವನ ಮನಸ್ಸು ಎರಡಾಗಿದೆ. ಹೆಂಗಸಿನ ಆಳ್ವಿಕೆಯೆಂದರೆ ಅಸಹನೆ. ಮೊಮ್ಮಕ್ಕಳನ್ನೇ ಮುಗಿಸಿದವಳೆಂಬ ಆರೋಪವನ್ನು ತಡವರಿಸದೆ ಹೊರಿಸುತ್ತಾನೆ. ಆದರೂ ಅವಳ ಬುದ್ಧಿಗೆ ತಲೆದೂಗುತ್ತಾನೆ. ಉತ್ತರಾಧಿಕಾರಿಯನ್ನು ಆರಿಸಲು ಅಣ್ಣತಮ್ಮಂದಿರ ಮಕ್ಕಳನ್ನು ಕರೆದು, ಹಣ್ಣಿನ ರಾಶಿ ಸುರಿದು, ಯಾರು ಹೆಚ್ಚು ಆಯುವಿರಿ ನೋಡೋಣ ಎಂದಳಂತೆ. ಹುಡುಗರು ಕಿತ್ತಾಡಿ ಗಾಯ ಮಾಡಿಕೊಂಡರು. ಸಂಗ್ರಾಮರಾಜನ ಮೈಯಲ್ಲಿ ಒಂದು ಗೀರೂ ಇರಲಿಲ್ಲ, ಮಡಿಲ ತುಂಬ ಹಣ್ಣಿತ್ತು. ಹೇಗೆಂದು ಕೇಳಿದರೆ, ಉಳಿದವರನ್ನು ಜಗಳಕ್ಕೆ ಹಚ್ಚಿ ದೂರ ನಿಂತು ಆಯ್ದೆ ಎಂದನು. ಅವನಿಗೇ ಯುವರಾಜ ಪಟ್ಟವಾಯಿತು. ಲೋಹರ ವಂಶ ಕಾಶ್ಮೀರದ ಗದ್ದುಗೆಗೆ ಬಂದದ್ದು ಹೀಗೆ.

ಗ್ರಂಥದ ಮುಂದಿನ ಪಯಣವನ್ನು ಸಂಕ್ಷೇಪವಾಗಿ ಹೇಳಬಹುದು. 15ನೆಯ ಶತಮಾನದಲ್ಲಿ ಸುಲ್ತಾನ ಜೈನುಲ್ ಆಬಿದೀನ್ ಅದನ್ನು ಪಾರಸಿಗೆ ತರಿಸಿದನು. ಅಕ್ಬರನು ಕಾಶ್ಮೀರವನ್ನು ಗೆದ್ದ ಮೇಲೆ ತನ್ನ ಆಸ್ಥಾನದ ವಿದ್ವಾಂಸ ಬದಾಯೂನಿಯಿಂದ ಮತ್ತೊಮ್ಮೆ ಸರಳ ಪಾರಸಿಯಲ್ಲಿ ಬರೆಯಿಸಿದನು. 1835ರಲ್ಲಿ ಕಲ್ಕತ್ತೆಯಲ್ಲಿ ಮೊದಲು ಅಚ್ಚಾಯಿತು, ದೋಷಗಳ ಹೊರೆಯೊಂದಿಗೆ. ಇಂದು ನಾವು ಓದುವ ಪಾಠ ಗಟ್ಟಿಯಾದದ್ದು ಹಂಗೇರಿಯಲ್ಲಿ ಹುಟ್ಟಿದ ವಿದ್ವಾಂಸ ಆರೆಲ್ ಸ್ಟೈನನಿಂದ. 17ನೆಯ ಶತಮಾನದ ರಾಜಾನಕ ರತ್ನಕಂಠನ ಕೈಬರಹದ ಶಾರದಾ ಲಿಪಿಯ ಪ್ರತಿಯೊಂದು ಶ್ರೀನಗರದ ಪಂಡಿತ ಕುಟುಂಬದಲ್ಲಿತ್ತು. ಯಜಮಾನ ತೀರಿಕೊಂಡ ಮೇಲೆ ಆಸ್ತಿ ಹಿಸ್ಸೆಯಾದಾಗ ಹಸ್ತಪ್ರತಿಯನ್ನೂ ಮೂರು ಪಾಲು ಮಾಡಿ ಹಂಚಿಕೊಂಡಿದ್ದರು! ಆ ಮೂರೂ ಪಾಲುಗಳನ್ನು 1889ರಲ್ಲಿ ಸ್ಟೈನ್ ಒಟ್ಟಿಗೆ ತಂದು, 1892ರಲ್ಲಿ ಸಂಸ್ಕೃತ ಪಾಠವನ್ನೂ 1900ರಲ್ಲಿ ಎರಡು ಸಂಪುಟಗಳ ಇಂಗ್ಲಿಷ್ ಅನುವಾದವನ್ನೂ ಹೊರತಂದನು. ಪಂಡಿತ ಗೋವಿಂದ ಕೌಲರ ನೆರವಿಲ್ಲದೆ ಆ ಕೆಲಸ ಸಾಗುತ್ತಿರಲಿಲ್ಲ. ಮೊಹಂದ್ ಮಾರ್ಗದ ಹುಲ್ಲುಗಾವಲಿನಲ್ಲಿ ಡೇರೆ ಹಾಕಿಕೊಂಡು, ಕಲ್ಹಣ ಹೆಸರಿಸಿದ ತೀರ್ಥ, ಕೋಟೆ, ಕಣಿವೆದಾರಿಗಳನ್ನು ಸ್ಟೈನ್ ಕಾಲ್ನಡಿಗೆಯಲ್ಲಿ ಹುಡುಕಿದನು. ಏಳೂವರೆ ಶತಮಾನ ಕಳೆದಿದ್ದರೂ ಹೆಚ್ಚಿನವು ಇದ್ದಲ್ಲಿಯೇ ಸಿಕ್ಕವು. ಮೊದಲ ತರಂಗಗಳ ಕಾಲಗಣನೆಯನ್ನು ನಂಬಲಾಗದವರೂ ಕಲ್ಹಣನ ಊರು ಬೆಟ್ಟಗಳ ವಿವರವನ್ನು ನಂಬಿದರು. 1935ರಲ್ಲಿ ರಣಜಿತ್ ಸೀತಾರಾಮ್ ಪಂಡಿತರ ಅನುವಾದ ಬಂತು. ಅದರಲ್ಲಿ ಬಹುಭಾಗ ಸ್ವಾತಂತ್ರ್ಯ ಹೋರಾಟದ ಸೆರೆವಾಸದಲ್ಲಿ ನಡೆದ ಕೆಲಸ. ಮುನ್ನುಡಿಯನ್ನು ಅವರ ಭಾವಮೈದುನ ಜವಾಹರಲಾಲ್ ನೆಹರೂ ಬರೆದದ್ದೂ ಸೆರೆಮನೆಯಿಂದಲೇ.

ಊರಿನ ಸಂಚಿಕೆಯ ಪ್ರತಿಯೊಂದು ನನ್ನ ಕಪಾಟಿನಲ್ಲಿ ರಾಜತರಂಗಿಣಿಯ ಪಕ್ಕದಲ್ಲಿಯೇ ಇದೆ. ಈಚೆಗೆ ಅದರ ಅಂಚಿನಲ್ಲಿ ಗದ್ದೆಯ ಹೆಸರನ್ನೂ ಲೆಕ್ಕದ ಪುಸ್ತಕದ ಪುಟಸಂಖ್ಯೆಯನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಪೆನ್ಸಿಲ್ ಯಾಕೆಂದು ಮನೆಯವರು ಕೇಳಿದರೆ ಉತ್ತರವಿಲ್ಲ.

ಕಲ್ಹಣ ತನ್ನ ಗ್ರಂಥವನ್ನು ಮುಗಿಸುವ ಶ್ಲೋಕದಲ್ಲಿ ನೆನೆಯುವ ನದಿ ವಿತಸ್ತೆಯಲ್ಲ, ನಮ್ಮ ಕಡೆಯ ಗೋದಾವರಿ. ಏಳು ಮುಖಗಳಿಂದ ಭೋರ್ಗರೆದು ಕಡಲು ಸೇರುವ ಗೋದಾವರಿಯಂತೆ, ಏಳು ತರಂಗಗಳ ಈ ರಾಜತರಂಗಿಣಿಯು ಜಯಸಿಂಹನ ಪೂರ್ವಜ ಕಾಂತಿರಾಜನ ವಿಶಾಲ ವಂಶವೆಂಬ ಸಮುದ್ರದ ನಡುವೆ ವಿಶ್ರಾಂತಿಗಾಗಿ ಸೇರುತ್ತದೆ ಎನ್ನುತ್ತಾನೆ. ಎಂಟನೆಯ ತರಂಗವೇ ಆ ಸಮುದ್ರ, ಅವನದೇ ಕಾಲ. ಜಯಸಿಂಹ ಪಟ್ಟಕ್ಕೆ ಬಂದು ಆಗ ಇಪ್ಪತ್ತೆರಡು ವರ್ಷಗಳಾಗಿದ್ದವು, ಇನ್ನೂ ಐದಾರು ವರ್ಷ ಆಳುವುದಿತ್ತು. ಸುಮಾರು ಮುನ್ನೂರು ವರ್ಷಗಳ ಬಳಿಕ ಜೈನುಲ್ ಆಬಿದೀನನ ಆಸ್ಥಾನದ ಜೋನರಾಜ ಎರಡನೆಯ ರಾಜತರಂಗಿಣಿ ಬರೆಯಲು ಕುಳಿತಾಗ, ಜಯಸಿಂಹನ ಆ ಉಳಿದ ವರ್ಷಗಳಿಂದಲೇ ಆರಂಭಿಸಿದನು.